ಕೆಲಸಕ್ಕೆ ಬಾರದ ನಾಯಿಯ ಚರಿತ್ರೆ

"ಹೊಲ ಕಾಯ್ತೈತೇನ್ಪಾ ತಮ್ಮಾ?"

ದೇವದುರ್ಗದ ಸೋದರಮಾವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಇಲ್ಲ ಮಾವಾ, ಹಿಂದಿನ ಎರಡೂ ಕಾಲು ಬಿದ್ದಾವ್ರಿ, ತೆವಳತೈತಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಅದನ್ನ ಯಾಕ ಇಟ್ಕೊಂಡಿ?" ಅಂದರು. ಬೈಗುಳವೇನೂ ಅಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಉತ್ತರ ನನಗೂ ಗೊತ್ತಿರಲಿಲ್ಲ.

ಕೆಂಚಿ ಸಿಕ್ಕಿದ್ದು ರಾಯಚೂರಿನ ಹೊರಗೆ, ಕಲ್ಮಲಾ ಕಡೆ ಹೋಗುವ ರಸ್ತೆಯ ಬದಿಯಲ್ಲಿ. ಯಾವುದೋ ಗಾಡಿ ಬಡಿದು ಹೋಗಿತ್ತು. ನಾನು ಎರಡು ವಾರ ಮನೆಯಿಂದಲೇ ಕೆಲಸ ಅಂತ ಬೆಂಗಳೂರಿನಿಂದ ಬಂದವನು, ಗೋಣಿಚೀಲದಲ್ಲಿ ಸುತ್ತಿ ಊರೊಳಗಿನ ಪಶುವೈದ್ಯರ ಹತ್ತಿರ ಒಯ್ದೆ. ಅವರು ಹಿಂಗಾಲಿನ ಬೆರಳು ಚಿವುಟಿ ನೋಡಿದರು. ನಾಯಿಗೆ ಗೊತ್ತೇ ಆಗಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿದೆ, ನಡೆಯೋದು ಕಷ್ಟ, ಜೀವಕ್ಕೇನೂ ಅಪಾಯ ಇಲ್ಲ ಅಂದರು. ಆಮೇಲೆ ಸ್ವಲ್ಪ ತಡೆದು, "ದಿನಕ್ಕ ಎರಡು ಮೂರು ಸಲ ಹೊಟ್ಟಿ ಒತ್ತಿ ಉಚ್ಚಿ ತೆಗೀಬೇಕು. ಮಲಗಿದ ಕಡೆ ಹುಣ್ಣಾಗದಂಗ ಹೊರಳಿಸಬೇಕು. ಯಾರು ಮಾಡ್ತೀರಿ ಹೇಳ್ರಿ? ಇಂಜೆಕ್ಷನ್ ಕೊಡೋದಾದ್ರ ಮನಿಯವ್ರನ್ನ ಕೇಳಿ ಬರ್ರಿ" ಅಂದರು.

ಮನೆಯವರು ಅಂದರೆ ನಮ್ಮಪ್ಪ. ಅಪ್ಪ ಕೊಡಿಸು ಅಂದ. ಅವ್ವ ಏನೂ ಅನ್ನಲಿಲ್ಲ, ಹಳೆಯ ಕೌದಿ ತಂದು ದನದ ಕೊಟ್ಟಿಗೆಯಲ್ಲಿ ಹಾಸಿದಳು. ಹೀಗೆ ಹದಿನಾಲ್ಕು ದಿನದ ಲೆಕ್ಕ ಶುರುವಾಯಿತು. ಬೆಂಗಳೂರಿನ ನನ್ನ ಬಾಡಿಗೆ ರೂಮಿನಲ್ಲಿ ನಾಯಿ ಇಡಂಗಿಲ್ಲ. ಅಪ್ಪನಿಗೆ ಮಂಡಿನೋವು, ಅವ್ವನಿಗೆ ಹೊಲ. ಅಷ್ಟರೊಳಗೆ ಕೆಂಚಿಗೊಂದು ಮನೆ ಸಿಗಬೇಕು, ಇಲ್ಲಾಂದರೆ ಇಂಜೆಕ್ಷನ್.

ರಾತ್ರಿ ಕೊಟ್ಟಿಗೆಯಲ್ಲಿ ಕೂತಾಗ ನೆನಪಾದದ್ದು ಒಂದು ಕಲ್ಲು. ಬೆಂಗಳೂರಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಭಾನುವಾರ ಹೊತ್ತು ಹೋಗದೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಆತಕೂರಿನ ಶಾಸನ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು. ಶಕ ವರ್ಷ 872, ಅಂದರೆ ಕ್ರಿಸ್ತಶಕ 949-50ರದ್ದು. ಕಲ್ಲಿನ ಮೇಲೆ ಒಂದು ನಾಯಿ, ಒಂದು ಹಂದಿ, ಎರಡೂ ಜಗಳಕ್ಕೆ ಬಿದ್ದಿವೆ. ಸುತ್ತಲೂ ಹಳಗನ್ನಡ ಅಕ್ಷರ.

ಇತಿಹಾಸ ಓದಿದವರು ಈ ಕಲ್ಲನ್ನು ನೆನೆಯುವುದು ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆಗಿದ್ದ ಗಂಗರ ಇಮ್ಮಡಿ ಬೂತುಗ ಸೇರಿ ಚೋಳರ ರಾಜಾದಿತ್ಯನನ್ನು ಸೋಲಿಸಿದರು. ರಾಜಾದಿತ್ಯ ಸತ್ತ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300 ಮುಂತಾದ ನಾಡುಗಳನ್ನು ಕೊಟ್ಟ. ಪಠ್ಯಪುಸ್ತಕ ಇಲ್ಲಿಗೆ ಮುಗಿಯುತ್ತದೆ. ಕಲ್ಲು ಮುಗಿಯುವುದಿಲ್ಲ. ಬೂತುಗನ ಕಡೆಯ ವೀರ ಮಣಲೇರ ಅಂತ ಒಬ್ಬನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಕೊಟ್ಟರು. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗಿನ ಎರಡು ಖಂಡುಗ ಮಣ್ಣು ಬಿಟ್ಟರು. ಜೊತೆಗೊಂದು ಕಟ್ಟಳೆ: ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ.

ಈ ಕೃಷ್ಣ ನಮ್ಮ ಸೀಮೆಯವನು ಅನ್ನೋದನ್ನು ನಾವು ಮರೆತುಬಿಡುತ್ತೇವೆ. ಅವನ ರಾಜಧಾನಿ ಮಾನ್ಯಖೇಟ ಅಂದರೆ ಸೇಡಂ ತಾಲ್ಲೂಕಿನ ಮಳಖೇಡ. ಕೃಷ್ಣಾ ನದಿ ದಾಟಿ ಬಡಗಣಕ್ಕೆ ಹೋದರೆ ಸಿಗುವ ಊರು.

ಕಾಳಿಯೊಂದೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೇ ಶತಮಾನದ ವೀರಗಲ್ಲಿದೆ. ಒಡೆಯ ಸತ್ತ ಮೇಲೆ ಇಬ್ಬರು ಕಳ್ಳರನ್ನು ಕಚ್ಚಿ ನಿಂತ ಕೋವಿವನ್ ಎಂಬ ನಾಯಿಯ ಹೆಸರು ಅದರಲ್ಲಿದೆ. ನಮ್ಮ ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಅದರ ಮರಿಗಳನ್ನು ಸೈನ್ಯದವರು ತರಬೇತಿಗೆ ಮೀರತ್‌ಗೆ ಒಯ್ದರು. ಇವೆಲ್ಲ ಓಡಿದ, ಕಚ್ಚಿದ, ಕಾದ, ಸತ್ತ ನಾಯಿಗಳು. ಮಾವನ ಪ್ರಶ್ನೆಗೆ ಹೌದು ಅನ್ನಬಲ್ಲ ನಾಯಿಗಳು. ಕಾಳಿಯನ್ನು ಹಂದಿ ಕೊಲ್ಲದೆ ಬರೀ ನಡ ಮುರಿದು ಬಿಟ್ಟಿದ್ದರೆ? ಮಣಲೇರ ಅದನ್ನು ಹೊತ್ತುಕೊಂಡು ಬಂದು ಸಾಕುತ್ತಿದ್ದನೆ? ಸತ್ತ ನಾಯಿಗೆ ಎರಡು ಖಂಡುಗ ಭೂಮಿ ಸಿಕ್ಕಿತು. ನನ್ನ ಹತ್ತಿರ ಇದ್ದದ್ದು ಬದುಕಿರುವ ನಾಯಿ, ಅದಕ್ಕೆ ಬೇಕಿದ್ದದ್ದು ನಾಲ್ಕಡಿ ನೆರಳು.

ನಾನು ಓದಿದ್ದು ಬಿಇ ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಓದಿದ್ದು ಮೊದಲ ಸಲ ಕೆಲಸಕ್ಕೆ ಬಂತು ಅನ್ನಿ. ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ ಪಿವಿಸಿ ಪೈಪು, ಎಲ್ಬೋ ಕೊಂಡೆ. ಅಣ್ಣನ ಮಗನ ಮುರಿದ ಸೈಕಲ್ಲಿನ ಎರಡು ಗಾಲಿ, ನನ್ನ ಹಳೆಯ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಸೇರಿಸಿ ಗಾಡಿ ಮಾಡಿದೆ. ಮೊದಲನೆಯದು ಎತ್ತರವಾಗಿ ಕೆಂಚಿ ಮೂತಿ ಅಡಿಯಾಗಿ ಬಿದ್ದಳು. ಎರಡನೆಯದರಲ್ಲಿ ಗಾಲಿಯನ್ನು ಸೊಂಟದ ನೇರಕ್ಕೆ ತಂದು ಎರಡಿಂಚು ತಗ್ಗಿಸಿದೆ. ಅಂಗಳದ ಈ ಕಡೆಯಿಂದ ಆ ಕಡೆಗೆ ಹೋಗಿ, ಕೋಳಿ ಬೆನ್ನಟ್ಟಿ, ತಿಪ್ಪೆಗೆ ಸಿಕ್ಕಿಹಾಕಿಕೊಂಡು ಬೊಗಳಿದಳು. ಅಪ್ಪ ಅವತ್ತಿನಿಂದ ಇಂಜೆಕ್ಷನ್ ಮಾತು ಬಿಟ್ಟ.

ಪೈಪು ತರಲು ಹೋದ ದಿನ ರಾಯಚೂರು ಕೋಟೆಯೊಳಗೂ ಹೋಗಿದ್ದೆ. 1294ರಲ್ಲಿ ಕೋಟೆ ಕಟ್ಟಿದಾಗ ಗೋಡೆಯಲ್ಲಿ ಇಟ್ಟ ನಲವತ್ತು ಅಡಿ ಮೀರಿದ ಒಂದೇ ಕಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಹೇರಿ, ಸಾಲು ಕೋಣ ಕಟ್ಟಿ ಎಳೆದ ಚಿತ್ರವನ್ನು ಅಲ್ಲೇ ಕೊರೆದಿದ್ದಾರೆ. ಗಾಡಿಯ ಹಿಂದೆ ಸನಿಕೆ ಕೊಟ್ಟು ಮೀಟುವ ಜನರೂ ಇದ್ದಾರೆ. ಸಣ್ಣವನಿದ್ದಾಗ ಆ ಗಾಲಿಗಳನ್ನು ಮಾತ್ರ ನೋಡಿದ್ದೆ. ಈ ಸಲ ಕೋಣಗಳನ್ನು ನೋಡಿದೆ. ಒಂದಕ್ಕೂ ಹೆಸರಿಲ್ಲ.

ಮನೆ ಹುಡುಕುವುದು ಮಾತ್ರ ಮುಂದೆ ಸಾಗಲಿಲ್ಲ. ರಾಯಚೂರಿನ ಗೆಳೆಯ ಫೋಟೋ ನೋಡಿ "ಯಾವ ಬ್ರೀಡ್ ಲೇ?" ಅಂದ. ಮಾನ್ವಿಯ ಸಂಬಂಧಿಕರೊಬ್ಬರು, ಮರಿ ಹಾಕತೈತೇನು, ಒಂದು ಗಂಡುಮರಿ ನಮಗ ಬೇಕಿತ್ತು ಅಂದರು. ಇನ್ನೊಬ್ಬರು ಹುಚ್ಚುನಾಯಿ ಇರಬೇಕು ಅಂತ ಅಂಜಿದರು. ಆ ಅಂಜಿಕೆ ತಪ್ಪಲ್ಲ, ರೇಬಿಸ್ ಬಂದರೆ ಉಳಿಯೋದಿಲ್ಲ. ಲಸಿಕೆ ಹಾಕಿಸಿದ ಚೀಟಿ ತೋರಿಸಿದೆ. ಆದರೂ ಒಲ್ಲೆ ಅಂದರು.

ಈ ಹೊತ್ತಲ್ಲೇ ನೆನಪಾದದ್ದು ಮಸ್ಕಿ. ಹೈಸ್ಕೂಲಿನಲ್ಲಿದ್ದಾಗ ಒಂದು ದಿನದ ಪ್ರವಾಸಕ್ಕೆ ಒಯ್ದಿದ್ದರು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಂಡುಹಿಡಿದ ಬಂಡೆಶಾಸನ ಅಲ್ಲಿದೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಖಾತ್ರಿಯಾದದ್ದು ಆ ಕಲ್ಲಿನಿಂದ. ಅದರಲ್ಲಿ ಪ್ರಾಣಿಗಳ ಮಾತಿಲ್ಲ. ಅದೇ ಅಶೋಕ ಬೇರೆ ಕಡೆ ಬರೆಸಿದ್ದಾನೆ. ಎರಡನೇ ಬಂಡೆಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಎರಡು ಥರದ ಚಿಕಿತ್ಸೆ ಏರ್ಪಡಿಸಿದ್ದನ್ನು ಹೇಳುತ್ತಾನೆ. ಪಟ್ಟವೇರಿ ಇಪ್ಪತ್ತಾರು ವರ್ಷಕ್ಕೆ ಬರೆಸಿದ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಗಳ ಉದ್ದ ಪಟ್ಟಿ ಇದೆ. ಗಿಳಿ, ಮೈನಾ, ಬಾವಲಿ, ಆಮೆ, ಅಳಿಲು, ಪಾರಿವಾಳ. ಪಟ್ಟಿಯ ಕೊನೆಗೆ ಒಂದು ಮಾತು ಸೇರಿಸುತ್ತಾನೆ: ಉಪಯೋಗಕ್ಕೂ ಬಾರದ, ತಿನ್ನಲೂ ಬಾರದ ಎಲ್ಲ ನಾಲ್ಕು ಕಾಲಿನ ಪ್ರಾಣಿಗಳು. ಮೊಬೈಲಿನಲ್ಲಿ ಈ ಸಾಲನ್ನು ಓದಿ ಕೆಂಚಿಯ ಕಡೆ ನೋಡಿದೆ. ಮಾವ, ಗೆಳೆಯ, ಮಾನ್ವಿಯ ಸಂಬಂಧಿಕರು, ಎಲ್ಲರ ಪ್ರಶ್ನೆಗೂ ಇಲ್ಲ ಅನ್ನುವ ಪ್ರಾಣಿಗೆ ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಒಂದು ಸಾಲು ಮೀಸಲಿತ್ತು.

ಆ ಸಾಲು ಬಾಳಿತು ಅಂತ ಹೇಳಲಾರೆ. ಆದರೆ ಪೂರ್ತಿ ಅಳಿಸಿಯೂ ಹೋಗಲಿಲ್ಲ. 1832ರಲ್ಲಿ ಬೊಂಬಾಯಿಯಲ್ಲಿ ಬ್ರಿಟಿಷರು ಬೀದಿನಾಯಿ ಕೊಲ್ಲಿಸಲು ಹೊರಟಾಗ ಪಾರ್ಸಿಗಳು ಮೊದಲಾಗಿ ಜನ ಬೀದಿಗಿಳಿದರು, ಅಂಗಡಿ ಮುಚ್ಚಿದರು, ಗಲಾಟೆಯಾಯಿತು. ಎರಡು ವರ್ಷಕ್ಕೆ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತು ಗುಜರಾತಿ ವರ್ತಕರು ಸೇರಿ ಪಾಂಜರಾಪೋಳ ತೆರೆದರು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಕಡೆಯೇ ಬಿಡಬೇಕೆಂಬ ನಿಯಮ 2001ರಲ್ಲಿ ಬಂದು 2023ರಲ್ಲಿ ಹೊಸದಾಯಿತು. 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಅದರ ಮೇಲೇ ವಾದ. ಇದರಲ್ಲೆಲ್ಲ ಕೆಂಚಿಗೆ ಜಾಗ ಎಲ್ಲಿ? ಅವಳನ್ನು ಹಿಡಿದ ಕಡೆಯೇ ಬಿಟ್ಟರೆ ಅದು ಹೆದ್ದಾರಿ.

ಹನ್ನೊಂದನೇ ದಿನ ಅವ್ವನೇ ಒಂದು ಮಾತು ಅಂದಳು: "ಮಾನ್ವಿ ಕಡೆ ನಮ್ಮ ದೊಡ್ಡವ್ವ ಒಬ್ಬಾಕೀನ ಅದಾಳ. ಕೇಳಿ ನೋಡು."

ನೋಡದೆ ಎಷ್ಟೋ ವರ್ಷವಾಗಿತ್ತು. ಕೆಂಚಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ನೀರಮಾನ್ವಿ ದಾಟಿ ಹೋದೆ. ಕಾಲುವೆ ಬದಿಯ ಊರು, ಭತ್ತದ ಗದ್ದೆ, ಶಾಬಾದಿ ಕಲ್ಲು ಹಾಸಿದ ಮನೆ. ದೊಡ್ಡವ್ವ ಬಾಗಿಲಲ್ಲೇ ನಿಂತು ನಾಯಿ ನೋಡಿದಳು. ಕಾಯ್ತೈತೇನು ಅಂತ ಕೇಳಲಿಲ್ಲ. "ಉಚ್ಚಿ ತಾನ ಹೊಯ್ತೈತೋ, ತೆಗೀಬೇಕೋ?" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಅಷ್ಟು ದಿನದಲ್ಲಿ ಅದನ್ನು ಕೇಳಿದವರು ಅವಳೊಬ್ಬಳೇ.

ತೆಗೀಬೇಕು ದೊಡ್ಡವ್ವ ಅಂದೆ. ಹೆಂಗ ಒತ್ತಬೇಕು ತೋರ್ಸು ಅಂತ ಕೂತಳು. ಎರಡನೇ ಸಲಕ್ಕೆ ನನಗಿಂತ ಚೆನ್ನಾಗಿ ಮಾಡಿದಳು. "ನಿಮ್ಮ ದೊಡ್ಡಪ್ಪಗ ಲಕ್ವಾ ಹೊಡೆದು ನಾಕು ವರ್ಷ ಹಾಸಿಗಿ ಮ್ಯಾಲಿದ್ರು. ಬೆನ್ನಿಗೆ ಒಂದು ಹುಣ್ಣು ಆಗಗೊಡಲಿಲ್ಲ ನಾ. ಅವ್ರು ಹೋದ ಮ್ಯಾಲ ಕೈ ಖಾಲಿ ಆಗ್ಯಾವ. ಇಟ್ಟು ಹೋಗು" ಅಂದಳು. ಖರ್ಚಿಗೆ ಅಂತ ದುಡ್ಡು ಕೊಡಹೋದರೆ ಬೈದಳು. ಗಾಡಿ ಮಾತ್ರ ಇಸಗೊಂಡಳು, ಗಾಲಿಗೆ ಎಣ್ಣೆ ಬಿಡೋದು ಹೆಂಗ ಅಂತ ಕೇಳಿದಳು.

ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಕೆಂಚಿ ದಪ್ಪ ಆಗಿದ್ದಾಳಂತೆ, ಗಾಡಿ ಹಾಕಿದರೆ ಕಾಲುವೆ ತನಕ ಹೋಗುತ್ತಾಳಂತೆ, ಬೆಕ್ಕು ಕಂಡರೆ ಬ್ರೇಕೇ ಇಲ್ಲವಂತೆ. ಹೋದ ವಾರ ರಾತ್ರಿ ಒಂಬತ್ತರ ಮೇಲೆ ಮಾಡಿದ್ದೆ. ಊಟ ಆಯ್ತಾ ದೊಡ್ಡವ್ವ ಅಂದೆ.

"ಇನ್ನಾ ಇಲ್ಲಪ್ಪ. ಈಕಿದು ಹೊಟ್ಟಿ ಒತ್ತಿ, ಒರಸಿ, ಉಣ್ಣಾಕ ಹಾಕಬೇಕು. ಅದನ್ನ ಮಾಡದ ನಾ ಉಣ್ಣಂಗಿಲ್ಲ."

ಆತಕೂರಿನ ಕಲ್ಲಿನ ಕಥೆಯನ್ನು ಅವಳಿಗೆ ಹೇಳಬೇಕು ಅನ್ನಿಸಿತು. ಕೆಂಚಿ ಹಿಂದೆ ಬೊಗಳುತ್ತಿದ್ದಳು. ಆಮೇಲೆ ಮಾತಾಡ್ತೀನಿ ದೊಡ್ಡವ್ವ, ಮೊದಲು ಅದನ್ನ ಮಾಡು ಅಂತ ಫೋನ್ ಇಟ್ಟೆ.