ಸಲ್ಲೇಖನವೂ ಗುರುವಿನ ಅನುಮತಿಯೂ

ಶ್ರವಣಬೆಳಗೊಳಕ್ಕೆ ಹೋದ ಯಾತ್ರಿಕರು ಮೊದಲು ಏರುವುದು ದೊಡ್ಡಬೆಟ್ಟವನ್ನು. ಗೊಮ್ಮಟಸ್ವಾಮಿಯ ದರ್ಶನವಾದ ಮೇಲೆ ಹೊತ್ತು ಉಳಿದರೆ ಚಿಕ್ಕಬೆಟ್ಟಕ್ಕೆ ಹೋಗುತ್ತಾರೆ; ಬಹಳ ಮಂದಿ ಹೋಗುವುದೇ ಇಲ್ಲ. ಇತಿಹಾಸದ ದೃಷ್ಟಿಯಿಂದ ಈ ಕ್ರಮ ತಲೆಕೆಳಗಾದುದು. ದೊಡ್ಡಬೆಟ್ಟದ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದುದು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೂ ಮುನ್ನೂರು ವರ್ಷಗಳಷ್ಟು ಹಿಂದಿನಿಂದಲೇ ಚಿಕ್ಕಬೆಟ್ಟವು ಕಟವಪ್ರ, ಕಳ್ವಪ್ಪು ಎಂಬ ಹೆಸರುಗಳಿಂದ ಪ್ರಸಿದ್ಧವಾಗಿತ್ತು. ಅಲ್ಲಿಗೆ ಮುನಿಗಳು, ಅಜ್ಜಿಯರು ದೂರದೂರದಿಂದ ಬರುತ್ತಿದ್ದುದು ಮೂರ್ತಿಯನ್ನು ನೋಡುವುದಕ್ಕಲ್ಲ, ದೇಹವನ್ನು ವಿಧಿಪೂರ್ವಕವಾಗಿ ಬಿಡುವುದಕ್ಕೆ.

ಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಮೊದಲು ಪ್ರಕಟಿಸಿದಾಗ ಅವುಗಳ ಸಂಖ್ಯೆ 144 ಇದ್ದಿತು. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅದು 500ಕ್ಕೆ ಏರಿತು. 1973ರ ಪರಿಷ್ಕೃತ ಆವೃತ್ತಿಯಲ್ಲಿ 573 ಆಯಿತು. ಇವುಗಳಲ್ಲಿ ಸುಮಾರು ಅರ್ಧದಷ್ಟು ಚಿಕ್ಕಬೆಟ್ಟದಲ್ಲಿಯೇ ಇವೆ. ಏಳು ಎಂಟನೆಯ ಶತಮಾನದ ಬರಹಗಳು ಬಹಳ ಚಿಕ್ಕವು. ಇಂಥ ಸಂಘದ ಇಂಥವರು ನೋಂತು ಮುಡಿಪಿದರು ಎಂಬಷ್ಟೇ ವಿಷಯ. ‘ಮುಡಿಪು’ ಎಂಬ ಮಾತಿಗೆ ಪೂರೈಸು ಎಂಬ ಅರ್ಥವಿದೆ. ಸತ್ತರು ಎಂದು ಬರೆಯದೆ ಪೂರೈಸಿದರು ಎಂದು ಬರೆದ ಆ ಅಜ್ಞಾತ ಲಿಪಿಕಾರರ ಭಾಷಾಪ್ರಜ್ಞೆ ನಮಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ನಂದಿಸೇನ ಮುನಿಯ ಶಾಸನ ಮಾತ್ರ ಸ್ವಲ್ಪ ದೊಡ್ಡದು. ರೂಪ, ಧನ, ವೈಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ನಿಲ್ಲಲಾರವು ಎಂದು ಬಗೆದು ಆತನು ಸನ್ಯಸನವನ್ನು ಕೈಕೊಂಡನೆಂದು ಅದು ಹೇಳುತ್ತದೆ. ಕನ್ನಡ ಕಾವ್ಯದ ಇತಿಹಾಸವನ್ನು ಬರೆಯುವವರು ಈ ಬಂಡೆಯನ್ನು ಮರೆಯುವುದಿಲ್ಲ.

ಈ ಶಾಸನಗಳು ಬಹುಮಟ್ಟಿಗೆ ಹೇಳುವುದು ಸುರಲೋಕಪ್ರಾಪ್ತಿಯನ್ನು, ಮೋಕ್ಷಪ್ರಾಪ್ತಿಯನ್ನಲ್ಲ. ಜಂಬೂಸ್ವಾಮಿಯ ನಂತರ ಭರತಕ್ಷೇತ್ರದಲ್ಲಿ ಈ ಕಾಲದಲ್ಲಿ ಕೇವಲಜ್ಞಾನವಿಲ್ಲ, ನಿರ್ವಾಣವೂ ಇಲ್ಲ ಎಂಬುದು ನಮ್ಮ ಪರಂಪರೆಯ ನಂಬಿಕೆ. ಆದುದರಿಂದ ಎಷ್ಟೇ ಉಗ್ರ ತಪಸ್ಸು ಮಾಡಿದ ಮುನಿಯೂ ಮುಕ್ತಿಯ ದಾರಿಯಲ್ಲಿ ಒಂದು ಹೆಜ್ಜೆಯನ್ನು ಮುಂದಿಡುತ್ತಾನೆಯೇ ಹೊರತು ಒಮ್ಮೆಗೇ ಗುರಿಯನ್ನು ಮುಟ್ಟುವುದಿಲ್ಲ. ಸಲ್ಲೇಖನವನ್ನು ಮೋಕ್ಷಕ್ಕೆ ಹತ್ತಿರದ ದಾರಿಯೆಂದು ತಿಳಿದಿರುವವರು ಈ ಮಾತನ್ನು ಗಮನಿಸಬೇಕು.

ಬೆಟ್ಟದ ಐತಿಹ್ಯ ಎಲ್ಲರಿಗೂ ತಿಳಿದುದೇ. ಶ್ರುತಕೇವಲಿ ಭದ್ರಬಾಹುಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮೊದಲೇ ಅರಿತು ಸಂಘವನ್ನು ದಕ್ಷಿಣಕ್ಕೆ ಕರೆತಂದರು. ಕಟವಪ್ರದಲ್ಲಿ ತಮ್ಮ ಅಂತ್ಯಕಾಲವನ್ನು ತಿಳಿದು ಸಂಘವನ್ನು ಮುಂದೆ ಕಳುಹಿಸಿದರು. ಶಿಷ್ಯನಾದ ಚಂದ್ರಗುಪ್ತನು ಅವರ ಸೇವೆಗೆ ನಿಂತು ಕೊನೆಗೆ ತಾನೂ ಸಮಾಧಿಯನ್ನು ಹೊಂದಿದನು. ಇಲ್ಲಿಯ ಅತ್ಯಂತ ಹಳೆಯ ಶಾಸನವು ಸಂಘವು ದಕ್ಷಿಣಕ್ಕೆ ಬಂದುದನ್ನು ಹೇಳಿ, ಬೆಟ್ಟದ ಮೇಲೆ ಉಳಿದ ಆಚಾರ್ಯನನ್ನು ಪ್ರಭಾಚಂದ್ರನೆಂದು ಕರೆಯುತ್ತದೆ. ಕಾಲಕ್ರಮದಲ್ಲಿ 700 ಋಷಿಗಳು ಅಲ್ಲಿ ಆರಾಧನೆಯನ್ನು ಸಾಧಿಸಿದರೆಂದೂ ಹೇಳುತ್ತದೆ. 931ರಲ್ಲಿ ಹರಿಷೇಣನು ಬರೆದ ಬೃಹತ್ಕಥಾಕೋಶದಲ್ಲಿಯಾದರೋ ಭದ್ರಬಾಹುಗಳು ಉತ್ತರದಲ್ಲಿಯೇ ದೇಹವನ್ನು ಬಿಡುತ್ತಾರೆ. ರೈಸ್, ಫ್ಲೀಟ್ ಮೊದಲಾದ ವಿದ್ವಾಂಸರು ಈ ವಿಚಾರವಾಗಿ ನಡೆಸಿದ ವಾದವನ್ನು ಇಲ್ಲಿ ಮತ್ತೆ ಎತ್ತುವ ಉದ್ದೇಶವಿಲ್ಲ. ನನ್ನ ಲಕ್ಷ್ಯವಿರುವುದು ಕಥೆಯ ಒಂದು ಸಣ್ಣ ಅಂಶದ ಮೇಲೆ. ಗುರುಗಳು ತಮಗೆ ಸಮಾಧಿಯನ್ನು ಆರಿಸಿಕೊಂಡರು. ಸಂಘಕ್ಕೆ ಮಾತ್ರ ‘ನೀವು ಹೋಗಿ, ಬದುಕಿ’ ಎಂದು ಅಪ್ಪಣೆ ಮಾಡಿದರು. ಕ್ಷಾಮವು ಎಲ್ಲರಿಗೂ ಒಂದೇ ಆಗಿದ್ದಿತು. ಅಪ್ಪಣೆ ಒಂದೇ ಆಗಿರಲಿಲ್ಲ.

ಸಲ್ಲೇಖನದ ವಿಷಯವಾಗಿ ಪರರು ಆಕ್ಷೇಪಿಸುವಾಗಲೂ ನಾವು ಸಮರ್ಥಿಸುವಾಗಲೂ ಈ ಅಪ್ಪಣೆಯ ವಿಚಾರ ಬಿಟ್ಟುಹೋಗುತ್ತದೆ. ವ್ರತಿಯ ಸಂಕಲ್ಪವೊಂದೇ ಮುಖ್ಯವೆಂಬಂತೆ ಮಾತು ನಡೆಯುತ್ತದೆ. ಶಾಸ್ತ್ರಗಳು ಹಾಗೆ ಹೇಳುವುದಿಲ್ಲ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದೇ ಸಲ್ಲೇಖನವೆಂದು ರತ್ನಕರಂಡಕ ಶ್ರಾವಕಾಚಾರವು ಲಕ್ಷಣವನ್ನು ಹೇಳಿದೆ. ಪರಿಹಾರವಿಲ್ಲದ ಎಂಬ ವಿಶೇಷಣವೇ ಇಲ್ಲಿ ಪ್ರಾಣ. ಪೂಜ್ಯಪಾದರು ವ್ಯಾಪಾರಿಯ ದೃಷ್ಟಾಂತವನ್ನು ಕೊಡುತ್ತಾರೆ. ಸರಕು ತುಂಬಿದ ಮನೆಗೆ ಅಪಾಯ ಬಂದಾಗ ವ್ಯಾಪಾರಿ ಮೊದಲು ಮನೆಯನ್ನೇ ಉಳಿಸಿಕೊಳ್ಳಲು ಯತ್ನಿಸುತ್ತಾನೆ; ಅದು ಸಾಧ್ಯವಿಲ್ಲವೆಂದಾದಾಗ ಸರಕನ್ನು ಉಳಿಸಿಕೊಳ್ಳುತ್ತಾನೆ. ದೇಹವು ಮನೆ, ವ್ರತಶೀಲಗಳು ಸರಕು. ಮನೆ ಗಟ್ಟಿಯಾಗಿರುವಾಗಲೇ ಅದನ್ನು ಬಿಟ್ಟು ಓಡುವ ವ್ಯಾಪಾರಿಯ ಮಾತು ಆ ದೃಷ್ಟಾಂತದಲ್ಲಿಲ್ಲ.

ಶಿವಾರ್ಯರ ಭಗವತೀ ಆರಾಧನೆ ಇನ್ನೂ ಕಠಿನವಾಗಿ ಮಾತನಾಡುತ್ತದೆ. ಮುನಿಧರ್ಮವು ನಿರ್ವಿಘ್ನವಾಗಿ ನಡೆಯುತ್ತಿರುವಾಗ, ಮುಂದೆ ಭಯವೂ ಇಲ್ಲದಿರುವಾಗ ಆಹಾರತ್ಯಾಗವನ್ನು ಬೇಡುವವನು ಮುನಿತನದಲ್ಲಿಯೇ ಬೇಸತ್ತವನು ಎಂಬುದು ಅದರ ಅಭಿಪ್ರಾಯ. ಯೋಗ್ಯನಾದ ಕ್ಷಪಕನಿಗೂ ಏಕಾಂತವಿಲ್ಲ. ಉತ್ತಮ ಪಕ್ಷದಲ್ಲಿ 48 ಮಂದಿ, ಏನೂ ಅನುಕೂಲವಿಲ್ಲದ ಕಾಲದಲ್ಲಿ ಕನಿಷ್ಠ ಇಬ್ಬರು ನಿರ್ಯಾಪಕರು ಅವನ ಬಳಿಯಲ್ಲಿರಬೇಕು. ಕೆಲವರು ಅವನನ್ನು ಎತ್ತಿ ಕೂರಿಸಬೇಕು, ಕೆಲವರು ಧರ್ಮಕಥೆ ಹೇಳಬೇಕು, ಕೆಲವರು ಬಾಗಿಲಲ್ಲಿ ನಿಂತು ಗುಂಪನ್ನು ತಡೆಯಬೇಕು. ಆಚಾರ್ಯನೇ ಸಲ್ಲೇಖನಕ್ಕೆ ಸಿದ್ಧನಾದರೆ ತನ್ನ ಗಣವನ್ನು ಬಿಟ್ಟು ಬೇರೆ ಗಣಕ್ಕೆ ಹೋಗಬೇಕು. ತನ್ನ ಶಿಷ್ಯರ ನಡುವೆ ಮೋಹವೂ ಅಧಿಕಾರವೂ ಉಳಿದಿರುತ್ತವೆ. ತತ್ವಾರ್ಥಸೂತ್ರದಲ್ಲಿ ಹೇಳಿರುವ ಐದು ಅತೀಚಾರಗಳಲ್ಲಿ ಬದುಕುವ ಆಸೆಯಷ್ಟೇ ಸಾಯುವ ಆಸೆಯೂ ದೋಷವೆಂದು ಎಣಿಸಲ್ಪಟ್ಟಿದೆ. ತನ್ನ ಮನಸ್ಸಿನಲ್ಲಿ ಸಾವಿನ ಆಸೆ ಇದೆಯೇ ಇಲ್ಲವೇ ಎಂಬುದನ್ನು ಅದನ್ನು ಬೇಡುವವನೇ ನಿರ್ಣಯಿಸುವುದು ಕಷ್ಟ. ಪರೀಕ್ಷೆಗೆ ಇನ್ನೊಬ್ಬರು ಬೇಕಾಗುವುದು ಇಲ್ಲಿಯೇ.

ಇನ್ನೊಬ್ಬರು ಪರೀಕ್ಷಿಸಿ ‘ಬೇಡ’ ಎಂದ ಪ್ರಸಂಗವೊಂದನ್ನು ನಮ್ಮ ಪರಂಪರೆ ಎಚ್ಚರದಿಂದ ಉಳಿಸಿಕೊಂಡು ಬಂದಿದೆ. ಅದು ಸಮಂತಭದ್ರಾಚಾರ್ಯರ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ಕನ್ನಡದಲ್ಲಿ ಬರೆದ ರಾಜಾವಳೀಕಥೆಯಲ್ಲಿ ಅದು ವಿಸ್ತಾರವಾಗಿ ಬರುತ್ತದೆ. ಸಮಂತಭದ್ರರು ತಪಸ್ಸಿನಲ್ಲಿದ್ದಾಗ ಅವರಿಗೆ ಭಸ್ಮಕವ್ಯಾಧಿ ಬಂದಿತು. ತಿಂದುದೆಲ್ಲವೂ ಕ್ಷಣದಲ್ಲಿ ಬೂದಿಯಾಗಿ ಹಸಿವು ಮತ್ತೆ ಹೆಡೆಯೆತ್ತುವ ರೋಗ ಅದು. ದಿನಕ್ಕೆ ಒಂದೇ ಹೊತ್ತು, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವ ದಿಗಂಬರ ಮುನಿಗೆ ಇದಕ್ಕಿಂತ ಕ್ರೂರವಾದ ರೋಗವನ್ನು ಊಹಿಸಲಾಗದು. ವ್ರತವನ್ನು ಉಳಿಸಿಕೊಂಡರೆ ದೇಹ ಉರಿಯುತ್ತದೆ, ದೇಹವನ್ನು ಉಳಿಸಿಕೊಂಡರೆ ವ್ರತ ಹೋಗುತ್ತದೆ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದರು. ಯಾವ ನ್ಯಾಯದಿಂದ ನೋಡಿದರೂ ಬೇಡಿಕೆ ಯುಕ್ತವಾಗಿಯೇ ಇದ್ದಿತು.

ಗುರುಗಳು ಒಪ್ಪಲಿಲ್ಲ. ಈ ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆಯೆಂದು ತಿಳಿದು, ಯಾವ ವೇಷದಿಂದಲಾದರೂ ಎಲ್ಲಿಯಾದರೂ ಹೋಗಿ ಹಸಿವನ್ನು ಶಮನ ಮಾಡಿಕೊಂಡು ರೋಗ ನೀಗಿದ ಮೇಲೆ ಮತ್ತೆ ದೀಕ್ಷೆ ವಹಿಸಬೇಕೆಂದು ಆಜ್ಞಾಪಿಸಿದರು. ಸಮಂತಭದ್ರರು ಮುನಿಲಿಂಗವನ್ನು ಕಳಚಿಟ್ಟು ವೇಷ ಬದಲಿಸಿ ಕಂಚಿಗೆ ಹೋದರು. ಅಲ್ಲಿ ಶಿವಕೋಟಿ ಎಂಬ ಅರಸನ ದೇವಾಲಯದಲ್ಲಿ ಪ್ರತಿದಿನ ನೈವೇದ್ಯಕ್ಕೆ ಬರುತ್ತಿದ್ದ ಹನ್ನೆರಡು ಖಂಡುಗ ಅಕ್ಕಿಯ ಅನ್ನವನ್ನು ಬಾಗಿಲು ಮುಚ್ಚಿ ತಾವೇ ಉಣ್ಣತೊಡಗಿದರು. ರೋಗ ಇಳಿಯುತ್ತ ಬಂದಂತೆ ಅನ್ನ ಉಳಿಯತೊಡಗಿತು. ಅರಸನಿಗೆ ಸಂಶಯ ಬಂದಿತು. ಮುಂದಿನ ಕಥೆ, ಅಂದರೆ ಸ್ವಯಂಭೂಸ್ತೋತ್ರದ ಪಠನ, ಚಂದ್ರಪ್ರಭ ಜಿನಬಿಂಬದ ಆವಿರ್ಭಾವ, ಅರಸನ ಮತಾಂತರ, ಓದುಗರಿಗೆ ತಿಳಿದಿದೆ. ಬೇರೆ ಕಥಾಕೋಶಗಳಲ್ಲಿ ಇದೇ ಘಟನೆ ಕಾಶಿಯಲ್ಲಿ ನಡೆಯುತ್ತದೆ. ಪವಾಡದ ಭಾಗವನ್ನು ಇತಿಹಾಸವೆಂದು ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಂದು ಸಮುದಾಯವು ತನ್ನ ಮಹಾಚಾರ್ಯನನ್ನು ಕುರಿತು ಇಂಥ ಕಥೆಯನ್ನು ಏಕೆ ಇಟ್ಟುಕೊಂಡಿತು? ಮುನಿ ವ್ರತಭ್ರಷ್ಟನಾದನು, ಸುಳ್ಳು ವೇಷ ಹಾಕಿದನು, ಪರರ ನೈವೇದ್ಯವನ್ನು ಉಂಡನು. ಇಷ್ಟೆಲ್ಲ ಗುರುವಿನ ಆಜ್ಞೆಯಿಂದಲೇ ಆಯಿತು. ಹೇಳಿಕೊಳ್ಳಲು ಹಿತವಾದ ಕಥೆಯಲ್ಲ. ಆದರೂ ಮುಚ್ಚಿಡಲಿಲ್ಲ.

ರತ್ನಕರಂಡಕದ ಕರ್ತೃ ಬೇರೆಯವನಿರಬಹುದೆಂದು ಕೆಲವು ವಿದ್ವಾಂಸರು ಶಂಕಿಸಿದ್ದಾರೆ. ಪರಂಪರೆಯ ಪ್ರಕಾರ ಮಾತ್ರ ಅದರ ಕರ್ತೃ ಈ ಸಮಂತಭದ್ರರೇ. ಹಾಗಾದರೆ ಸಲ್ಲೇಖನಕ್ಕೆ ಲಕ್ಷಣವನ್ನು ಬರೆದವರು ಅದನ್ನು ಬೇಡಿ ನಿರಾಕರಣೆಗೆ ಒಳಗಾದವರು. ಪರಿಹಾರವಿಲ್ಲದ ಎಂಬ ಆ ಒಂದು ವಿಶೇಷಣದ ಬೆಲೆ ಅವರಿಗೆ ತಿಳಿದಷ್ಟು ಇನ್ನಾರಿಗೆ ತಿಳಿದೀತು?

ಅರಸುಮನೆತನಗಳ ವಿಷಯಕ್ಕೆ ಬಂದರೆ, ಗಂಗರ ಇಮ್ಮಡಿ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಮುಡಿಪಿದ ಸಂಗತಿಯನ್ನು ಕೂಗೆ ಬ್ರಹ್ಮದೇವರ ಕಂಬ ಹೇಳುತ್ತದೆ. 982ರಲ್ಲಿ ರಾಷ್ಟ್ರಕೂಟರ ನಾಲ್ವಡಿ ಇಂದ್ರನು ಬೆಳಗೊಳದಲ್ಲಿಯೇ ದೇಹವನ್ನು ಬಿಟ್ಟನು. ರಾಜ್ಯಗಳು ಕೈಬಿಟ್ಟುಹೋಗುತ್ತಿದ್ದ ಕಾಲ ಅದು. ಸೋಲಿನ ನೋವಿಗೂ ವೈರಾಗ್ಯಕ್ಕೂ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಇಂದ್ರನ ಶಾಸನದ ಗಣನೀಯ ಭಾಗವು ಆತನ ಚೆಂಡಾಟದ ಕೌಶಲವನ್ನೇ ವರ್ಣಿಸುತ್ತದೆ ಎಂಬುದನ್ನು ಓದಿದಾಗಲೆಲ್ಲ ನನಗೆ ಮನಸ್ಸು ಕರಗುತ್ತದೆ.

ಇವೆಲ್ಲಕ್ಕಿಂತ ನಮ್ಮನ್ನು ತಡೆದು ನಿಲ್ಲಿಸುವುದು ಮಾಚಿಕಬ್ಬೆಯ ಪ್ರಸಂಗ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅದನ್ನು ಕೇಳಿದ ತಾಯಿ ಮಾಚಿಕಬ್ಬೆ, ಮಗಳಿಲ್ಲದೆ ತಾನು ಇರಲಾರೆನೆಂದು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಂಡಳು. ಅರೆಮುಚ್ಚಿದ ಕಣ್ಣು, ಪಂಚನಮಸ್ಕಾರದ ಉಚ್ಚಾರ, ಜಿನೇಂದ್ರನ ಧ್ಯಾನ, ಬಂಧುಜನರನ್ನು ಬೀಳ್ಕೊಟ್ಟ ರೀತಿ, ಒಂದು ತಿಂಗಳ ಉಪವಾಸ ಇವನ್ನೆಲ್ಲ ಶಾಸನವು ಗೌರವದಿಂದ ವರ್ಣಿಸಿದೆ. ಶಾಸನವನ್ನು ಓದುವಾಗ ಕೈ ತಾನಾಗಿ ಮುಗಿಯುತ್ತದೆ. ಆದರೂ ಪ್ರಶ್ನೆ ಉಳಿಯುತ್ತದೆ. ಮಗಳ ಅಗಲಿಕೆಯ ದುಃಖ ಶಾಸ್ತ್ರವು ಹೇಳಿದ ನಾಲ್ಕು ಕಾರಣಗಳಲ್ಲಿ ಯಾವುದಕ್ಕೆ ಸೇರುತ್ತದೆ? ಉಪಸರ್ಗವೇ, ದುರ್ಭಿಕ್ಷವೇ, ಮುಪ್ಪೇ, ರೋಗವೇ? ಪುತ್ರಿವಾತ್ಸಲ್ಯವು ರಾಗವೇ ಅಲ್ಲವೇ? ಶಾಸನವು ಒಂದು ಸಂಗತಿಯನ್ನು ಮಾತ್ರ ಮರೆಯದೆ ದಾಖಲಿಸಿದೆ. ಪ್ರಭಾಚಂದ್ರ ಸಿದ್ಧಾಂತದೇವರು, ವರ್ಧಮಾನದೇವರು, ರವಿಚಂದ್ರದೇವರು ಈ ಮೂವರು ಗುರುಗಳ ಹಾಗೂ ಸಮಸ್ತ ಭವ್ಯಜನರ ಸನ್ನಿಧಿಯಲ್ಲಿ ಆಕೆ ವ್ರತವನ್ನು ಕೈಕೊಂಡಳು. ಶೋಕದಿಂದ ಆರಂಭವಾದ ನಿರ್ಧಾರ ಆ ಒಂದು ತಿಂಗಳಲ್ಲಿ ಶಾಂತವಾಗಿ ಮಾರ್ಪಟ್ಟಿತೆಂದು ಗುರುಗಳು ಕಂಡಿರಬಹುದು. ನನಗೆ ಮಾತ್ರ ಈ ಕಲ್ಲಿನ ಮುಂದೆ ಪೂರ್ಣ ಸಮಾಧಾನ ದೊರೆತಿಲ್ಲ.

ಇದಕ್ಕೆ ನನ್ನ ಮನೆಯದೇ ಒಂದು ಕಾರಣವಿದೆ. ನಮ್ಮ ಸೋದರತ್ತೆಯವರು ಗಂಡ ತೀರಿಕೊಂಡ ವರ್ಷವೇ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಬಳಿ ಹೋಗಿ ಸಲ್ಲೇಖನ ವ್ರತವನ್ನು ಬೇಡಿದರು. ಮುನಿಗಳು ಒಂದು ಹೊತ್ತಿನ ಊಟ ಬಿಡುವ ನಿಯಮವನ್ನಷ್ಟೇ ಕೊಟ್ಟು, ಮೊಮ್ಮಕ್ಕಳಿಗೆ ಭಕ್ತಾಮರವನ್ನು ಕಲಿಸಿ ಆಮೇಲೆ ಬಾ ತಾಯಿ ಎಂದರು. ಅತ್ತೆ ಸಿಟ್ಟಿನಿಂದಲೇ ಮನೆಗೆ ಬಂದರು. ಹನ್ನೊಂದು ವರ್ಷ ಬದುಕಿದರು. ಭಕ್ತಾಮರವನ್ನು ಕಲಿತ ಮೊಮ್ಮಕ್ಕಳ ಜೊತೆ ನಾನೂ ಕುಳಿತಿರುತ್ತಿದ್ದೆ.

ಆಧುನಿಕ ಕಾಲದಲ್ಲಿ ಅನುಮತಿಗೂ ಕಾರಣಕ್ಕೂ ಇರುವ ಸಂಬಂಧವನ್ನು ಆಚಾರ್ಯ ಶಾಂತಿಸಾಗರ ಮುನಿಮಹಾರಾಜರ ಜೀವನದಲ್ಲಿ ಕಾಣಬಹುದು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನಕ್ಕೆ ಸೇರಿದ ಅವರು ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟವರು. ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಮಂದವಾಯಿತು. ನೆಲವನ್ನು ನೋಡಿ ಹೆಜ್ಜೆ ಇಡಲಾಗದಿದ್ದರೆ ಈರ್ಯಾಸಮಿತಿ ಇಲ್ಲ, ಆಹಾರವನ್ನು ಶೋಧಿಸಲಾಗದಿದ್ದರೆ ಏಷಣಾಸಮಿತಿ ಇಲ್ಲ; ಕಾಣದ ಜೀವಗಳು ಕಾಲಡಿಯಲ್ಲಿ ಸಾಯುತ್ತವೆ. ಸಾಯುವ ಆಸೆಯಿಂದಲ್ಲ, ಕೊಲ್ಲಲಾರದ ಕಾರಣದಿಂದ ಅವರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಆರಂಭಿಸಿದರು. ಸೆಪ್ಟೆಂಬರ್ 18ರಂದು, 36ನೆಯ ದಿನ, ಅದು ಪೂರ್ಣಗೊಂಡಿತು.

2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾವನ್ನು ಆತ್ಮಹತ್ಯೆಯೆಂದು ಪರಿಗಣಿಸಿ, ಭಾರತ ದಂಡ ಸಂಹಿತೆಯ 306 ಮತ್ತು 309ನೆಯ ಕಲಮುಗಳು ಅದಕ್ಕೆ ಅನ್ವಯಿಸುತ್ತವೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಮಾಜದ ಬಂಧುಗಳು ದೇಶದಾದ್ಯಂತ ಮೌನ ಮೆರವಣಿಗೆ ಮಾಡಿದುದು ನೆನಪಿರಬಹುದು. ನಮ್ಮ ಭಾಷಣಗಳೆಲ್ಲ 309ನೆಯ ಕಲಮಿನ ಸುತ್ತಲೇ ನಡೆದವು. 306 ಇರುವುದು ಪ್ರಚೋದಿಸಿದವರಿಗೆ. ಅಂದರೆ ಅನುಮತಿ ಕೊಟ್ಟ ಗುರುವಿಗೆ, ಬಳಿಯಲ್ಲಿ ಕುಳಿತ ನಿರ್ಯಾಪಕನಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ರ ಸಾಮಾನ್ಯ ಅಪರಾಧವನ್ನು ಕೈಬಿಡಲಾಗಿದೆ. ಪ್ರಚೋದನೆಯ ಅಪರಾಧ 108ನೆಯ ಕಲಮಿನಲ್ಲಿ ಉಳಿದಿದೆ. ಹೀಗಿರುವಾಗ ಗುರುವು ಏನನ್ನು ನೋಡಿ ಒಪ್ಪುತ್ತಾನೆ, ಏನನ್ನು ಕಂಡರೆ ನಿರಾಕರಿಸುತ್ತಾನೆ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳುವ ಹೊಣೆ ನಮ್ಮದು. ವ್ರತಿಯ ಭಾವಚಿತ್ರವನ್ನು ದೊಡ್ಡ ಫಲಕಗಳಲ್ಲಿ ಹಾಕಿ, ದಿನಗಳನ್ನು ಎಣಿಸಿ, ಜಯಘೋಷ ಮಾಡುವ ಈಚಿನ ರೂಢಿ ಆ ಹೊಣೆಯನ್ನು ಕಷ್ಟಕ್ಕೆ ಈಡುಮಾಡುತ್ತಿದೆ. ಅಷ್ಟು ಜನ ಜಯಕಾರ ಹಾಕುತ್ತಿರುವಾಗ, ವ್ರತಿಯ ಮನಸ್ಸು ಬದಲಾದರೆ, ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಬಾಗಿಲಲ್ಲಿ ನಿಂತು ಗುಂಪನ್ನು ತಡೆಯಬೇಕೆಂದು ಶಿವಾರ್ಯರು ನೇಮಿಸಿದವರು ಈಗ ಎಲ್ಲಿದ್ದಾರೆ?

ಅನುಮತಿ ದೊರೆಯದೆ ಹಿಂದಿರುಗಿದವರಿಗೆ ನಿಸಿದಿಗಲ್ಲು ಹಾಕುವ ಪದ್ಧತಿ ಇಲ್ಲ. ಎಷ್ಟು ಮಂದಿ ಕಟವಪ್ರದ ಬುಡದವರೆಗೆ ಬಂದು ಗುರುವಿನ ಮಾತಿನಂತೆ ಮರಳಿ ಹೋದರೋ ಆ ಬಂಡೆಗಳು ಹೇಳಲಾರವು. ಒಬ್ಬರ ಪ್ರಸ್ತಾಪ ಮಾತ್ರ ಬೆಟ್ಟದ ಮೇಲೆಯೇ ಉಳಿದಿದೆ. ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಸಲ್ಲೇಖನದಿಂದ ದೇಹವನ್ನು ಬಿಟ್ಟ ಮಲ್ಲಿಷೇಣ ಮಲಧಾರಿದೇವರ ನೆನಪಿಗಾಗಿ ಕೊರೆಸಿದ ಶಾಸನ ಅದು. ಅದರಲ್ಲಿ ಹಿಂದಿನ ಆಚಾರ್ಯರನ್ನು ಸ್ಮರಿಸುವ ಭಾಗದಲ್ಲಿ, ಭಸ್ಮಕವನ್ನೇ ಭಸ್ಮ ಮಾಡಿದವರೆಂದು ಸಮಂತಭದ್ರರ ಹೆಸರು ಬರುತ್ತದೆ. ಮುಂದಿನ ಸಲ ಬೆಳಗೊಳಕ್ಕೆ ಹೋದವರು ದೊಡ್ಡಬೆಟ್ಟವನ್ನೇರುವ ಮೊದಲೇ ಬೆಳಗಿನ ತಂಪಿನಲ್ಲಿ ಆ ಕಂಬವನ್ನು ನೋಡಿ ಬರಬಹುದು.