ಪುಸ್ತಕ ಬಿಡುಗಡೆ ಅಂದರೆ ಯಾರ ಬಿಡುಗಡೆ?

ಮುಂದಿನ ತಿಂಗಳು ನನ್ನ ಮೊದಲ ಕವನ ಸಂಕಲನದ ಬಿಡುಗಡೆ. ನಮ್ಮ ಮನೆತನದಾಗ ಡಿಗ್ರಿ ಮುಗಿಸಿದವನು ನಾನೇ ಮೊದಲು. ಶಹಾಬಾದಿನ ಖಣಿಯಲ್ಲಿ ಕಲ್ಲು ಹೊತ್ತ ಅವ್ವ ಕೇಳಿದಳು: "ಬಿಡುಗಡಿ ಅಂದ್ರ ಜೇಲಿಂದ ಬಿಡೋದಲ್ಲೇನೋ? ನಿನ್ನ ಪುಸ್ತಕಕ್ಕ ಯಾರ್ ಕಟ್ಟಿ ಹಾಕ್ಯಾರ?"

ಗೆಳೆಯರೇ, ಉತ್ತರ ನಮ್ಮ ನೆಲದ ಚರಿತ್ರೆಯಲ್ಲೇ ಇದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳಿವೆ. ಸಂಸ್ಕೃತದಲ್ಲಲ್ಲ, ಪ್ರಾಕೃತದಲ್ಲಿ. ಅಲ್ಲಿ ಸಿಕ್ಕ 'ಪ್ರತ್ಯೇಕ ಶಾಸನ'ಗಳ ಕಟ್ಟಳೆ ಏನು? ತಿಷ್ಯ ನಕ್ಷತ್ರದ ದಿನ ಇವನ್ನು ಓದಿ ಜನರಿಗೆ ಕೇಳಿಸಬೇಕು ಎಂದು. ಅಕ್ಷರ ಬಾರದವರಿಗೂ ಮಾತು ತಲುಪಬೇಕಿತ್ತು. ಆಮೇಲೆ ಬಂದವರು ಅದೇ ಚಪ್ಪಡಿಗೆ ತೂತು ಕೊರೆದು ದೇವಿಯ ವಿಗ್ರಹಕ್ಕೆ ಪೀಠ ಮಾಡಿದರು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆಯೇ ಅದು ಬೆಳಕಿಗೆ ಬಂತು. ಕಟ್ಟಿ ಹಾಕುವುದೆಂದರೆ ಇದೇ.

ಇನ್ನು ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗೆ ಸಿಕ್ಕಿರುವ ಕನ್ನಡ ಕೃತಿಗಳಲ್ಲಿ ಅದೇ ಮೊದಲನೆಯದು. ಓದು ಕಲಿಯದ ಕನ್ನಡಿಗರೂ ಕಾವ್ಯ ಬಲ್ಲವರು ಎಂದು ಅದು ಹೊಗಳುತ್ತದೆ. ಸಂತೋಷ. ಆದರೆ ಆ ಓದದವರಲ್ಲಿ ಒಬ್ಬರ ಹೆಸರಾದರೂ ಓಲೆಗರಿಗೆ ಇಳಿಯಿತೆ? ಕೃತಿಗೆ ಮಾತ್ರ ದೊರೆಯ ಒಪ್ಪಿಗೆಯ ಮುದ್ರೆ ಬಿತ್ತು. ಮುಂದಿನ ಶತಮಾನದಲ್ಲಿ ಇದೇ ರಾಷ್ಟ್ರಕೂಟರ ಕವಿ ಪೊನ್ನ 'ಶಾಂತಿಪುರಾಣ' ಬರೆದ. ಅದರ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅತ್ತಿಮಬ್ಬೆ. ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಮರ ಹತ್ತಿ ಗರಿ ಕಡಿದವರು ಯಾರು? ಹದ ಮಾಡಿದವರು ಯಾರು? ಅವರಿಗೆ ಅದನ್ನು ಓದುವ ಭಾಗ್ಯ ಇತ್ತೆ?

ಈ ಬೀಗ ಒಡೆಯಲು ನಮ್ಮವರೇ ಬರಬೇಕಾಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಹೊರಬಂತು. ಆ ಹಾಡುಗಳು ಪುಸ್ತಕದಾಗ ಕೂಡಲಿಲ್ಲ. ಸಭೆ, ಮೆರವಣಿಗೆಗಳಲ್ಲಿ ಹಾಡುತ್ತ ಹಾಡುತ್ತ ಅಕ್ಷರ ಬಾರದವರ ಬಾಯಿಗೂ ಬಂದವು.

ನನ್ನ ಪುಸ್ತಕಕ್ಕೂ ಗೆಳೆಯರು ಸಭಾಂಗಣ, ಹಾರ, ಶಾಲು, ಮಂತ್ರಿ ಅಂದರು. ನನಗೂ ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೂ ಬ್ಯಾಡ ಅಂದೆ. ಶಹಾಬಾದಿನ ನಮ್ಮ ಕೇರಿಯಲ್ಲಿ, ಕೂಲಿ ಮುಗಿದ ಹೊತ್ತಿಗೆ, ಕಲ್ಲುಹಾಸಿನ ಕಟ್ಟೆ ಮೇಲೆ ಓದುತ್ತೇನೆ. ಆಮೇಲೆ ವಾಡಿಯ ಸಿಮೆಂಟ್ ಕೂಲಿಗಳ ಓಣಿ, ಚಿಂಚೋಳಿಯ ತಾಂಡಾ. ಮಾಸ್ತರರೇ, ನಿಮ್ಮೂರಿಗೂ ಕರೆಯಿರಿ, ಬರುತ್ತೇನೆ.

ಮೊದಲ ದಿನ ಅವ್ವ ಎದುರಿಗೆ ಕೂತಿರುತ್ತಾಳೆ. ಖಣಿಯ ಬಗ್ಗೆ ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅಲ್ಲೇ ತಡೆದು ಹೇಳಲಿ.