ಉಪ್ಪುನೀರಿನ ಹೂತೋಟ: ಸಂಜಯನಗರ ಮತ್ತು ಬೆಂಗಳೂರು ಉತ್ತರ

ಲವಣಾಂಶ ಹೆಚ್ಚಿರುವ ನೀರು ಹಾಕಿ ಅಲಂಕಾರಿಕ ಗಿಡಗಳನ್ನು ಬೆಳೆಸುವ ಕ್ರಮ. ಬೆಂಗಳೂರಿಗರ ಮಾತಿನಲ್ಲಿ ‘ಉಪ್ಪು ನೀರು’ ಎಂದರೆ ಕಡಲ ನೀರಲ್ಲ, ಬೋರ್‌ವೆಲ್ ನೀರು. ‘ಕಾವೇರಿ ನೀರಿ’ನಿಂದ ಬೇರೆ ಮಾಡಿ ಹೇಳಲು ಹುಟ್ಟಿಕೊಂಡ ಹೆಸರು. ಸಂಜಯನಗರ, ಭೂಪಸಂದ್ರ, ಹೆಬ್ಬಾಳದ ಕೈತೋಟಗಳ ಕಥೆ ಈ ಎರಡು ನೀರುಗಳ ನಡುವೆ ನಡೆದದ್ದು.

1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. 1974ರಲ್ಲಿ ಕಾವೇರಿ ನೀರಿನ ಯೋಜನೆಯ ಮೊದಲ ಹಂತ. ಊರು ಬೆಳೆದ ವೇಗಕ್ಕೆ ಎರಡೂ ಸಾಲಲಿಲ್ಲ. ಹೊಸ ಬಡಾವಣೆಗಳು ಗ್ರಾನೈಟ್, ನೈಸ್ ಬಂಡೆಗಳನ್ನು ಕೊರೆದವು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತವೆ. ಕುಂಡದ ಅಂಚಿನ ಬಿಳಿ ಪದರ, ಎಲೆಯ ಮೇಲೆ ಒಣಗಿದ ಸುಣ್ಣದ ಚುಕ್ಕೆ ಇದರ ಗುರುತು.

ಮಣ್ಣು ಮತ್ತು ಬೆಳೆಯ ಅಧ್ಯಯನಕ್ಕೆ ಈ ಭಾಗದಲ್ಲಿ ಹಳೆಯ ನೆಲೆಯಿದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು. ಕೃಷಿ ರಸಾಯನಶಾಸ್ತ್ರಜ್ಞ ಲೇಮನ್ ಅಲ್ಲಿ ಪ್ರಯೋಗ ಆರಂಭಿಸಿದರು. 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ. ಕರ್ನಾಟಕದಲ್ಲಿ ಸವಳಿನ ಸಂಶೋಧನೆಯ ಮುಖ್ಯ ಕೇಂದ್ರ ಮಾತ್ರ ದೂರದ ಗಂಗಾವತಿ; ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳು ಅದರ ಕಾಳಜಿ. ಹೂಗಿಡಗಳ ವಿಷಯದಲ್ಲಿ ಹೊರಗಿನ ಹೆಸರಾಂತ ಉದಾಹರಣೆ ಇಸ್ರೇಲಿನ ಐಲಾತ್: ಹ್ಯೂಗೋ ಮತ್ತು ಎಲಿಜಬೆತ್ ಬೊಯ್ಕೊ ದಂಪತಿ 1949ರಿಂದ ಆ ಮರುಭೂಮಿ ಪಟ್ಟಣದಲ್ಲಿ ಉಪ್ಪುನೀರಿನಿಂದಲೇ ತೋಟ ಎಬ್ಬಿಸಿದರು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಪ್ರಕಟಿಸಿ 1985ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಲೀಟರಿಗೆ 450 ಮಿ.ಗ್ರಾಂ.ಗಿಂತ ಕಡಿಮೆ ಲವಣವಿದ್ದರೆ ನೀರಾವರಿಗೆ ತೊಡಕಿಲ್ಲ. 2,000 ದಾಟಿದರೆ ತೀವ್ರ ತೊಂದರೆ. ಗಿಡಗಳ ತಾಳಿಕೆಯೂ ಒಂದೇ ಅಲ್ಲ. ಕಣಗಿಲೆ, ಬೋಗನ್‌ವಿಲ್ಲಾ, ಟೇಬಲ್ ರೋಸ್ ಗಟ್ಟಿ ಜೀವಗಳು. ಗುಲಾಬಿ, ಆಂಥೂರಿಯಂ, ಆರ್ಕಿಡ್ ಬೇಗ ಸೋಲುತ್ತವೆ. ಮೊದಲು ಎಲೆಯ ತುದಿ ಸುಡುತ್ತದೆ.

ಬೆಂಗಳೂರಿನ ನೆಲ ಸವಳಾಗದೆ ಉಳಿದಿರುವುದರಲ್ಲಿ ಮಳೆಯ ಪಾಲು ದೊಡ್ಡದು. ವರ್ಷಕ್ಕೆ 900 ಮಿ.ಮೀ.ಗೂ ಹೆಚ್ಚು ಸುರಿದು, ಬೇಸಿಗೆಯಲ್ಲಿ ಕೂಡಿದ ಉಪ್ಪನ್ನು ಬೇರಿನ ಕೆಳಕ್ಕೆ ತೊಳೆದು ಬಿಡುತ್ತದೆ. ಬಾಲ್ಕನಿಯ ಕುಂಡಕ್ಕೆ ಆ ಭಾಗ್ಯವಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ತೋಟದ ಮನೆಗಳು ಅಪಾರ್ಟ್‌ಮೆಂಟ್‌ಗಳಾದಂತೆ ತೊಂದರೆ ಬಿಗಡಾಯಿಸಿದ್ದು ಹೀಗೆ.

ಜೊತೆಗೆ ಉಪ್ಪಿಗೆ ಹೊಸ ದಾರಿಗಳೂ ತೆರೆದವು. ಆರ್‌ಒ ಯಂತ್ರ ಮೂರು ಲೀಟರಿನಲ್ಲಿ ಒಂದನ್ನು ಶುದ್ಧಮಾಡಿ ಎರಡನ್ನು ಹೊರಬಿಟ್ಟರೆ, ಆ ಎರಡರಲ್ಲಿ ಲವಣ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಗಿಡಕ್ಕೆಂದು ಅದನ್ನು ಬಕೆಟ್ಟಿನಲ್ಲಿ ಹಿಡಿದಿಡುವ ಮಿತವ್ಯಯ ಮೆಚ್ಚತಕ್ಕದ್ದೇ, ಆದರೆ ಬೇರೆ ನೀರು ಬೆರೆಸದೆ ದಿನವೂ ಗುಲಾಬಿಗೆ ಹಾಕಬಾರದು. ಗಡಸು ನೀರನ್ನು ಮೆದುಮಾಡುವ ಸಾಫ್ಟ್‌ನರ್ ಇನ್ನೂ ಮೋಸದ್ದು: ಸುಣ್ಣವನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸ್ನಾನಕ್ಕೆ ಹಿತವಾದ ಆ ನೀರು ಮಣ್ಣಿನ ಹೆಂಟೆಯನ್ನು ಒಡೆದು ಜಿಗುಟಾಗಿಸಿ ಬೇರಿನ ಉಸಿರು ಕಟ್ಟಿಸುತ್ತದೆ. ಗಿಡದ ಮಟ್ಟಿಗೆ ಬೋರ್‌ವೆಲ್ಲಿನ ಗಡಸು ನೀರೇ ಇದಕ್ಕಿಂತ ಎಷ್ಟೋ ಮೇಲು.

2024ರ ಮಾರ್ಚ್‌ನ ನೀರಿನ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ಅದಕ್ಕೂ ಹಿಂದಿನಿಂದ ಸಂಸ್ಕರಿಸಿದ ಕೊಳಚೆ ನೀರು ಬಳಕೆಯಲ್ಲಿತ್ತು. ಸಾಬೂನು, ಮಾರ್ಜಕಗಳ ಸೋಡಿಯಂ ಅಂಥ ನೀರಿನಲ್ಲೂ ಉಳಿದಿರುತ್ತದೆ.

ಹೀಗೆ ಉಪ್ಪು ಕೂಡದಿರಬೇಕಾದರೆ ಕುಂಡದ ತಳದ ತೂತು ಮುಚ್ಚದಂತೆ ನೋಡಿಕೊಂಡು, ಆಗಾಗ ನೀರು ಕೆಳಗೆ ಹರಿಯುವಷ್ಟು ಧಾರಾಳವಾಗಿ ಹಾಕಬೇಕು. ಮಳೆಗಾಲದಲ್ಲಿ ಕುಂಡಗಳನ್ನು ಬಯಲಿಗೆ ಇಡಬೇಕು. ಸಾಫ್ಟ್‌ನರ್ ಇರುವ ಮನೆಯವರು ಗಿಡಗಳ ನಲ್ಲಿಗೆ ಅದಕ್ಕಿಂತ ಮುಂಚಿನ ಪೈಪಿನಿಂದಲೇ ನೀರು ತೆಗೆದುಕೊಳ್ಳಬೇಕು.